ಗ್ರಂಥಕರ್ತನೇ ತನ್ನ ಗ್ರಂಥವನ್ನು ಮಾರುವುದು ತರವೇ?

ಪುಸ್ತಕವನ್ನು ಬರೆಯುವುದು ಸರಸ್ವತಿಯ ಸೇವೆ, ಅದನ್ನು ಮಾರುವುದು ವರ್ತಕನ ವೃತ್ತಿ, ಇವೆರಡನ್ನೂ ಒಬ್ಬನೇ ಕೈಕೊಂಡರೆ ಮೊದಲನೆಯದರ ಮರ್ಯಾದೆ ಕೆಡುವುದೆಂಬ ಅಭಿಪ್ರಾಯವು ನಮ್ಮ ಗೃಹಸ್ಥರಲ್ಲಿ ಬಹುಮಟ್ಟಿಗೆ ರೂಢವಾಗಿದೆ. ತರಕಾರಿ ಮಾರುವವನು ತನ್ನ ಬದನೆಕಾಯಿಯನ್ನು ಹೊಗಳಿದರೆ ನಾವು ನಕ್ಕು ಕೊಳ್ಳುತ್ತೇವೆ. ಕಾದಂಬರಿಕಾರನು ತನ್ನ ಕಾದಂಬರಿಯ ಹೆಸರನ್ನೆತ್ತಿದರೆ ಮಾತ್ರ ಮುಖ ಸಿಂಡರಿಸುತ್ತೇವೆ. ಹೀಗಿರುವಲ್ಲಿ, ಸ್ವಂತ ಖರ್ಚಿನಿಂದ ಪುಸ್ತಕವನ್ನು ಅಚ್ಚುಹಾಕಿಸಿದವನ ಪಾಡು ಏನಾಗಬೇಕು? ಮನೆಯ ಅಟ್ಟದಲ್ಲಿ ಕಟ್ಟುಗಳು ಬಿದ್ದಿವೆ. ಅವನು ಬಾಯಿ ಬಿಟ್ಟರೆ ಆತ್ಮಪ್ರಶಂಸೆ, ಬಿಡದಿದ್ದರೆ ಗೆದ್ದಲಿಗೆ ಆಹಾರ. ಈ ಉಭಯಸಂಕಟವನ್ನು ಕುರಿತು, ಸ್ವತಃ ಅದರೊಳಗೆ ಸಿಕ್ಕಿಕೊಂಡಿರುವ ಒಬ್ಬ ನಿವೃತ್ತ ಉಪಾಧ್ಯಾಯನು ನಾಲ್ಕು ಮಾತುಗಳನ್ನು ವಾಚಕ ಮಹಾಶಯರ ಮುಂದಿಡಲು ಇಚ್ಛಿಸುತ್ತಾನೆ.

ಮೊದಲು ಶಾಸ್ತ್ರದ ಮಾತನ್ನೇ ನೋಡೋಣ. ತನ್ನ ಕೃತಿಯ ಕಡೆಗೆ ಜನರ ಮನಸ್ಸನ್ನು ಸೆಳೆಯುವುದು ಅಗೌರವವೆಂದು ನಮ್ಮ ಹಿರಿಯರು ಭಾವಿಸಿದ್ದರೇ? ಸರ್ವಥಾ ಇಲ್ಲ. ಸಂಸ್ಕೃತ ನಾಟ್ಯಶಾಸ್ತ್ರದಲ್ಲಿ ಭಾರತೀವೃತ್ತಿಗೆ ನಾಲ್ಕು ಅಂಗಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಒಂದರ ಹೆಸರೇ ‘ಪ್ರರೋಚನಾ’. ಕವಿಯನ್ನೂ ಕಥೆಯನ್ನೂ ಪ್ರಶಂಸಿಸಿ ಪ್ರೇಕ್ಷಕರಿಗೆ ರುಚಿ ಹುಟ್ಟಿಸುವುದೇ ಅದರ ಪ್ರಯೋಜನ. ಶ್ರೀಹರ್ಷನ ರತ್ನಾವಳಿಯ ಪ್ರಸ್ತಾವನೆಯನ್ನು ಓದಿದವರು ಇದನ್ನು ಬಲ್ಲರು. ಅಲ್ಲಿ ಸೂತ್ರಧಾರನು ಕವಿಯ ನೈಪುಣ್ಯ, ಸಭೆಯ ಗುಣಗ್ರಾಹಿತ್ವ, ವತ್ಸರಾಜನ ಕಥೆಯ ಮನೋಹರತ್ವ, ತಮ್ಮ ಮೇಳದ ಅಭಿನಯಕೌಶಲ ಇವಿಷ್ಟನ್ನೂ ಸಂಕೋಚವಿಲ್ಲದೆ ಎಣಿಸಿಬಿಡುತ್ತಾನೆ. ಕವಿಯು ಸ್ವತಃ ಅರಸನಾಗಿದ್ದರೂ ಪ್ರರೋಚನೆಯು ಬೇಕಾಯಿತು ಎಂಬುದನ್ನು ಗಮನಿಸತಕ್ಕದ್ದು.

ಕಾಳಿದಾಸನ ಸ್ಥಿತಿಯಾದರೂ ಬೇರೆಯಲ್ಲ. ಮಾಳವಿಕಾಗ್ನಿಮಿತ್ರದ ಆರಂಭದಲ್ಲಿ ಪಾರಿಪಾರ್ಶ್ವಕನು, ಭಾಸ ಸೌಮಿಲ್ಲಾದಿ ಪ್ರಸಿದ್ಧ ಕವಿಗಳಿರುವಾಗ ಈಗಿನ ಕವಿಯೊಬ್ಬನ ನಾಟಕಕ್ಕೇಕೆ ಇಷ್ಟು ಆದರವೆಂದು ಕೇಳುತ್ತಾನೆ. ಇಂದು ಪುಸ್ತಕದಂಗಡಿಯಲ್ಲಿ ಹೊಸ ಲೇಖಕನು ಕೇಳಬೇಕಾದ ಪ್ರಶ್ನೆಯೂ ಇದೇ ಅಲ್ಲವೇ? ಕೃತಿಯ ವಯಸ್ಸನ್ನು ನೋಡದೆ ಗುಣವನ್ನು ಪರೀಕ್ಷಿಸಿರೆಂಬ ಅಭಿಪ್ರಾಯದ ಉತ್ತರವನ್ನು ಕಾಳಿದಾಸನು ಸೂತ್ರಧಾರನ ಬಾಯಿಂದ ಹೇಳಿಸಿದನು. ಕವಿಕುಲಗುರುವಿಗೂ ಒಂದು ದಿನ ‘ಈಗಿನವನು’ ಎಂಬ ಬಿರುದೇ ಇತ್ತೆಂಬುದು ಹೊಸಬರಿಗೆಲ್ಲ ಸಮಾಧಾನದ ಸಂಗತಿ. ಆದರೆ ಒಂದು ವಿವೇಕವನ್ನು ಮರೆಯಬಾರದು. ಪ್ರರೋಚನೆಯು ಒಂದೆರಡು ಶ್ಲೋಕಗಳಲ್ಲಿ ಮುಗಿಯುತ್ತದೆ. ಆ ಬಳಿಕ ನಾಟಕವೇ ನಡೆಯಬೇಕು. ಪ್ರಸ್ತಾವನೆಯೇ ಐದು ಅಂಕವಾದರೆ ಸಭೆಯು ಎದ್ದುಹೋಗುವುದು.

ಇನ್ನು ಕನ್ನಡದ ಕಡೆಗೆ ಬರೋಣ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಓಲೆಯಲ್ಲಿ ಬರೆಯಿಸಿ ಹಂಚಿದಳೆಂದು ಪ್ರತೀತಿ. ಮುದ್ರಣಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿ! ಇಂದು ಯಂತ್ರವಿದ್ದರೂ ಅನೇಕ ಕನ್ನಡ ಕಾದಂಬರಿಗಳ ಮೊದಲ ಮುದ್ರಣವು ಆ ಸಂಖ್ಯೆಯನ್ನು ದಾಟುವುದಿಲ್ಲ. ಗ್ರಂಥವು ತಾನಾಗಿ ಹರಡುವುದಿಲ್ಲ, ಯಾರಾದರೊಬ್ಬರು ಹೊತ್ತು ಹರಡಬೇಕು ಎಂಬುದನ್ನು ಆ ಮಹಾತಾಯಿಯು ಅರಿತಿದ್ದಳು. ಅತ್ತಿಮಬ್ಬೆಯು ದೊರೆಯದ ಕವಿಗಳು ಏನು ಮಾಡಬೇಕು? ತಾವೇ ಹೊರಬೇಕು.

ಹಾಗೆ ಅಕ್ಷರಶಃ ಹೊತ್ತವರು ಗಳಗನಾಥರು. ತುಂಗಭದ್ರೆಯೂ ವರದೆಯೂ ಕೂಡುವ ಗಳಗನಾಥವೆಂಬ ಗ್ರಾಮದಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ವೃತ್ತಿಯಿಂದ ಶಾಲಾಮಾಸ್ತರರು. ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಗೆ ಅವರೇ ಜೀವಾಳವಾಗಿದ್ದರು. ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಅವರು ಕನ್ನಡಿಸಿದರು. ‘ಮಾಧವ ಕರುಣಾವಿಲಾಸ’ದಂತಹ ಕೃತಿಗಳಿಂದ ವಿಜಯನಗರದ ನೆನಪನ್ನು ಜನರಲ್ಲಿ ಜಾಗೃತಗೊಳಿಸಿದರು. ಉತ್ತರ ಕರ್ನಾಟಕದ ಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯವಿದ್ದ ಕಾಲ ಅದು. ಓದಬಲ್ಲವರು ಮರಾಠಿ ಪುಸ್ತಕವನ್ನೇ ಹಿಡಿಯುತ್ತಿದ್ದರು. ಇಂತಹ ಸೀಮೆಯಲ್ಲಿ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರಿಂದೂರಿಗೆ ನಡೆದು, ಮನೆಮನೆಯ ಜಗುಲಿಯಲ್ಲಿ ಕುಳಿತು ಮಾರಿದರು. ಅವರು ಮಾರಿದ್ದು ಪುಸ್ತಕವನ್ನಲ್ಲ, ಕನ್ನಡ ಓದುವ ಅಭ್ಯಾಸವನ್ನು. ಆ ಅಭ್ಯಾಸ ಒಮ್ಮೆ ಹತ್ತಿದ ಮನೆಗಳಲ್ಲಿ ಮುಂದಿನ ತಲೆಮಾರಿನ ಲೇಖಕರೆಲ್ಲರೂ ಸುಖವಾಗಿ ಪ್ರವೇಶಿಸಿದರು. 1942ರಲ್ಲಿ ಅವರು ತೀರಿಕೊಂಡಾಗ ಉಳಿಸಿದ್ದು ಧನವನ್ನಲ್ಲ, ಓದುಗರನ್ನು.

ಮೈಸೂರು ಸೀಮೆಯಲ್ಲಿ ಇದಕ್ಕಿಂತಲೂ ಆಶ್ಚರ್ಯಕರವಾದ ದೃಷ್ಟಾಂತವೊಂದಿದೆ. ನಂಜನಗೂಡು ತಿರುಮಲಾಂಬಾ (1887–1982) ಅವರು ಬಾಲ್ಯದಲ್ಲಿಯೇ ವೈಧವ್ಯವನ್ನು ಹೊಂದಿದವರು. ಹೊರಗೆ ಹೋಗಿ ಪುಸ್ತಕ ಮಾರುವ ಸ್ವಾತಂತ್ರ್ಯವು ಅಂತಹ ಸ್ತ್ರೀಗೆ ಎಲ್ಲಿತ್ತು? ಆದರೂ ತಂದೆಯ ಬೆಂಬಲದಿಂದ 1913ರಲ್ಲಿ ‘ಸತೀಹಿತೈಷಿಣಿ’ ಎಂಬ ಗ್ರಂಥಮಾಲೆಯನ್ನು ತಾವೇ ಸ್ಥಾಪಿಸಿ ‘ಸುಶೀಲೆ’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಅದು ಹಲವು ಮುದ್ರಣಗಳನ್ನು ಕಂಡಿತು. ಮುಂದೆ ‘ಕರ್ನಾಟಕ ನಂದಿನಿ’ಯೆಂಬ ಪತ್ರಿಕೆಯನ್ನೂ ನಡೆಸಿದರು. ಮನೆಯ ಹೊಸ್ತಿಲನ್ನು ದಾಟಲಾಗದವರ ಪುಸ್ತಕವು ಸಾವಿರಾರು ಹೊಸ್ತಿಲುಗಳನ್ನು ದಾಟಿತು.

ಆ ಮೇಲಿನ ಕಾಲದಲ್ಲಿಯೂ ಈ ಮಾರ್ಗವು ಬತ್ತಲಿಲ್ಲ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯವನ್ನಿಟ್ಟುಕೊಂಡು ತಮ್ಮ ಪುಸ್ತಕಗಳನ್ನು ತಾವೇ ಅಚ್ಚುಮಾಡಿದ ಕಾಲವುಂಟು. ಕುವೆಂಪುರವರ ಗ್ರಂಥಗಳು ಅವರ ಮನೆಯ ಹೆಸರನ್ನೇ ಹೊತ್ತ ಉದಯರವಿ ಪ್ರಕಾಶನದಿಂದ ಹೊರಟವು. ಮಾಸ್ತಿಯವರಿಗೆ ಜೀವನ ಕಾರ್ಯಾಲಯವಿತ್ತು. ಧಾರವಾಡದಲ್ಲಿ 1933ರಲ್ಲಿ ಜಿ. ಬಿ. ಜೋಶಿಯವರು ಹುಟ್ಟುಹಾಕಿದ ಮನೋಹರ ಗ್ರಂಥಮಾಲೆಯು ಚಂದಾದಾರರ ಬಲದಿಂದಲೇ ಬೆಳೆಯಿತು. ಜ್ಞಾನಪೀಠದವರೆಗೆ ಹೋದವರೇ ತಮ್ಮ ಪುಸ್ತಕದ ಲೆಕ್ಕವನ್ನು ತಾವು ನೋಡಿಕೊಂಡಿರುವಾಗ, ನಮ್ಮಂಥವರು ಮರ್ಯಾದೆಯ ಮಾತನ್ನಾಡುವುದು ವಿಹಿತವಲ್ಲ.

ಪ್ರಕೃತ ಲೇಖಕನ ಸಂಗತಿಯನ್ನು ಉದಾಹರಣೆಗಾಗಿ ಸಂಕ್ಷೇಪವಾಗಿ ಹೇಳುವೆನು. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಪೂರ್ಣವಾದಾಗ ಶರಾವತಿಯ ಕೊಳ್ಳದ ಅನೇಕ ಗ್ರಾಮಗಳು ಮುಳುಗಿದವು. ಅಲ್ಲಿಯ ಕುಟುಂಬಗಳು ಎತ್ತಿನಗಾಡಿ ಲಾರಿಗಳಲ್ಲಿ ಸಾಮಾನು ಹೇರಿಕೊಂಡು ಬೇರೆ ಊರುಗಳಿಗೆ ಬಂದವು. ನನ್ನ ಶಾಲೆಯಲ್ಲಿ ಆ ಮನೆಗಳ ಮಕ್ಕಳೂ ಮೊಮ್ಮಕ್ಕಳೂ ಓದಿದರು. ಅವರ ಹಿರಿಯರು ಹೇಳಿದ್ದನ್ನು ಮೂವತ್ತು ವರ್ಷ ಕೇಳಿಕೊಂಡು ಬಂದು, ನಿವೃತ್ತನಾದ ಬಳಿಕ ಒಂದು ಕಾದಂಬರಿಯನ್ನಾಗಿ ಬರೆದೆನು. ಪ್ರಕಾಶಕರೊಬ್ಬರು ಪ್ರಕಟಿಸಲು ಒಪ್ಪಿದರು. ಆದರೆ ಇನ್ನೂರು ಪ್ರತಿಗಳನ್ನು ನಾನೇ ಕೊಳ್ಳಬೇಕೆಂದೂ ಉಳಿದವುಗಳ ಲೆಕ್ಕವನ್ನು ಕೇಳಬಾರದೆಂದೂ ಅವರ ನಿಬಂಧನೆ. ಹೇಗೂ ಹಣ ತೆರುವುದಾದರೆ ಪೂರ್ಣ ತೆತ್ತು ಪೂರ್ಣ ಹೊಣೆಯನ್ನು ಹೊರೋಣವೆಂದು ನಿಶ್ಚಯಿಸಿದೆನು.

ಮನೆಯ ಹೆಂಚು ಬದಲಾಯಿಸಲೆಂದು ಕೂಡಿಟ್ಟ ಹಣವೊಂದಿತ್ತು. ಅದನ್ನು ತೆಗೆಯುವ ಮೊದಲು ಗೃಹಿಣಿಯನ್ನು ಕೇಳಿದೆನು. ಆಕೆಯು ಹಸ್ತಪ್ರತಿಯನ್ನು ಎರಡು ಸಲ ಓದಿದ್ದವಳು. ಸ್ವಲ್ಪ ಹೊತ್ತು ಮಾಡನ್ನು ನೋಡಿ, “ಸೋರುವ ಕಡೆ ನಾನು ಪಾತ್ರೆ ಇಡುತ್ತೇನೆ. ನಿಮ್ಮ ಪುಸ್ತಕದ ಕಟ್ಟು ಮಾತ್ರ ಆ ಮೂಲೆಯಲ್ಲಿ ಇಡಬೇಡಿ” ಎಂದಳು. ಮಲೆನಾಡಿನ ಮಳೆಯನ್ನು ಬಲ್ಲವರಿಗೆ ಈ ಮಾತಿನ ತೂಕ ತಿಳಿಯುವುದು. ಅಂದಿನಿಂದ ಆ ಕಾದಂಬರಿಯು ನನ್ನ ಹವ್ಯಾಸವಾಗಿ ಉಳಿಯಲಿಲ್ಲ, ಮನೆಯ ಸಾಲವಾಯಿತು. ಸಾಲವನ್ನು ತೀರಿಸಲು ನಾಚುವ ಗೃಹಸ್ಥನುಂಟೇ?

ಲೆಕ್ಕವನ್ನು ಬಿಚ್ಚಿ ಹೇಳುತ್ತೇನೆ. ಈ ಮಾರ್ಗದಲ್ಲಿ ಕಾಲಿಡುವವರಿಗೆ ಅದೇ ಮುಖ್ಯ. ಐನೂರು ಪ್ರತಿಗಳಿಗೆ ಅಕ್ಷರಜೋಡಣೆ, ಮುಖಪುಟ, ಕಾಗದ, ಅಚ್ಚು, ಹೊಲಿಗೆ ಎಲ್ಲ ಸೇರಿ 65,000 ರೂಪಾಯಿ ಆಯಿತು. ಪ್ರತಿಯೊಂದಕ್ಕೆ 130 ರೂಪಾಯಿ ಬಿದ್ದಂತಾಯಿತು. ಬೆಲೆಯನ್ನು 260 ಎಂದಿಟ್ಟೆನು. ಅಂಗಡಿಯವರಿಗೆ ನೂರಕ್ಕೆ ನಲವತ್ತು ಸೋಡಿ ಬಿಟ್ಟರೆ ಕೈಗೆ ಬರುವುದು 156 ರೂಪಾಯಿ. ಅದರಲ್ಲಿ ಉಳಿಯುವುದು 26. ನೇರವಾಗಿ ಓದುಗರಿಗೆ ನೂರಕ್ಕೆ ಹತ್ತು ಬಿಟ್ಟು 234ಕ್ಕೆ ಕೊಟ್ಟರೆ 104 ಉಳಿಯುವುದು. ಬರಿಯ ಅಂಗಡಿಗಳನ್ನೇ ನಂಬಿದರೆ ಹಾಕಿದ ಹಣ ಮರಳಲು 417 ಪ್ರತಿಗಳು ಮಾರಬೇಕು. ನೇರವಾಗಿ ಮಾರಿದರೆ 278 ಸಾಕು. ಲೇಖಕನು ಚೀಲ ಹಿಡಿದು ಏಕೆ ಹೊರಡುತ್ತಾನೆಂಬುದಕ್ಕೆ ಈ ಎರಡು ಅಂಕಿಗಳೇ ಉತ್ತರ. ಅರವತ್ತು ಪ್ರತಿಗಳನ್ನು ‘ಗೌರವಪ್ರತಿ’ಯೆಂದು ಬೀರಿದರೆ 7,800 ರೂಪಾಯಿಯ ಅಸಲು ಹೋಯಿತೆಂದು ತಿಳಿಯಬೇಕು. ಬಿಟ್ಟಿ ಬಂದ ಪುಸ್ತಕವನ್ನು ಓದುವವರು ವಿರಳ. ಕೊಂಡವನು ಕೊಟ್ಟ ಹಣಕ್ಕಾದರೂ ಓದುತ್ತಾನೆ.

ಮಾರಲು ಹೊರಟಾಗ ಕಂಡದ್ದನ್ನು ಒಂದೇ ಪ್ರಸಂಗದಿಂದ ತಿಳಿಸುವೆನು. ಮುಳುಗಡೆಯಿಂದ ಬಂದ ಮನೆಯೊಂದರಲ್ಲಿ ಎಂಬತ್ತು ದಾಟಿದ ವೃದ್ಧೆಯೊಬ್ಬರಿದ್ದರು. ಕಣ್ಣು ಕಾಣದು, ಮೊಮ್ಮಗಳು ಪ್ರತಿ ಸಂಜೆ ಒಂದೊಂದು ಅಧ್ಯಾಯವನ್ನು ಓದಿ ಹೇಳಿದಳಂತೆ. ಹದಿನೈದು ದಿನಗಳ ಮೇಲೆ ಆ ದಾರಿಯಲ್ಲಿ ಹೋದಾಗ ಒಳಗೆ ಕರೆದು ಕುಳ್ಳಿರಿಸಿ, “ಮಾಸ್ತರೇ, ಆ ಹೊಳೆಯಾಚೆಯ ತೋಟ ಯಾರದು?” ಎಂದು ಕೇಳಿದರು. “ಅಮ್ಮಾ, ಅದು ಕಲ್ಪನೆಯ ತೋಟ. ಯಾರದೂ ಅಲ್ಲ” ಎಂದೆನು. ಆಕೆಯು ತಲೆಯಾಡಿಸಿ, “ಹಾಗಂದರೆ ಆಗುತ್ತದೆಯೇ? ಅದು ನಮ್ಮದೇ. ಆ ಹಲಸಿನ ಮರ ನನಗೆ ಗೊತ್ತಿಲ್ಲವೇ?” ಎಂದರು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಬೆಂಗಳೂರಿನ ಮೊಮ್ಮಕ್ಕಳಿಗೆಂದು ಎರಡು ಪ್ರತಿಗಳ ಹಣವನ್ನು ಎಣಿಸಿಕೊಟ್ಟರು. ನಾನು ಬೇಡವೆಂದರೂ ಕೇಳಲಿಲ್ಲ. ಅಂಗಡಿಯ ಕಪಾಟಿನಲ್ಲಿದ್ದರೆ ಆ ಪುಸ್ತಕವು ಆ ಮನೆಗೆ ಎಂದಿಗೂ ಹೋಗುತ್ತಿರಲಿಲ್ಲ. ಯಾರಿಗಾಗಿ ಬರೆದೆವೋ ಅವರು ಪುಸ್ತಕದಂಗಡಿಗೆ ಬರುವವರಲ್ಲವಾದರೆ, ಪುಸ್ತಕವೇ ಅವರಲ್ಲಿಗೆ ನಡೆಯಬೇಕಷ್ಟೆ.

ಇನ್ನು ಸ್ವಂತ ಪ್ರಕಟಣೆಗೆ ತೊಡಗುವವರಿಗೆ ತಿಳಿದಿರತಕ್ಕ ಕೆಲವು ವ್ಯಾವಹಾರಿಕ ವಿಷಯಗಳು. ಗ್ರಂಥಸ್ವಾಮ್ಯವು ಬರೆದ ಕೂಡಲೇ ಲೇಖಕನಿಗೆ ಸಿದ್ಧಿಸುತ್ತದೆ. 1957ರ ಕಾಯಿದೆಯ ಪ್ರಕಾರ ನೋಂದಣಿಯು ಕಡ್ಡಾಯವಲ್ಲ, ಮತ್ತು ಆ ಹಕ್ಕು ಲೇಖಕನ ಜೀವಿತಕಾಲವೂ ಅನಂತರ ಅರವತ್ತು ವರ್ಷಗಳೂ ಇರುತ್ತದೆ. ಆದುದರಿಂದ ಮನೆಯವರಿಗೆ ಕರಾರುಪತ್ರಗಳು ಎಲ್ಲಿವೆಯೆಂದು ಹೇಳಿಟ್ಟಿರಬೇಕು. ಪುಸ್ತಕಕ್ಕೆ ಐ.ಎಸ್.ಬಿ.ಎನ್. ಎಂಬ ಅಂತಾರಾಷ್ಟ್ರೀಯ ಸಂಖ್ಯೆಯನ್ನು ಭಾರತ ಸರಕಾರದ ಶಿಕ್ಷಣ ಮಂತ್ರಾಲಯದ ಅಧೀನದಲ್ಲಿರುವ ರಾಜಾ ರಾಮಮೋಹನ ರಾಯ್ ಸಂಸ್ಥೆಯು ಶುಲ್ಕವಿಲ್ಲದೆ ಕೊಡುತ್ತದೆ. ಇದಕ್ಕಾಗಿ ಯಾರಾದರೂ ಹಣ ಕೇಳಿದರೆ ಎಚ್ಚರವಿರಲಿ. 1954ರ ಕಾಯಿದೆಯಂತೆ ಪ್ರಕಟವಾದ ಮೂವತ್ತು ದಿನಗಳೊಳಗೆ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ಪ್ರಕಾಶಕನು ಸ್ವಂತ ಖರ್ಚಿನಿಂದ ಕಳುಹಿಸಬೇಕು. ಇದನ್ನು ಕಂದಾಯವೆಂದೆಣಿಸದೆ ವಿಮೆಯೆಂದೆಣಿಸಬೇಕು. ಮನೆಯ ಪ್ರತಿಗಳೆಲ್ಲ ಹೋದರೂ ಅಲ್ಲೊಂದು ಉಳಿದಿರುವುದು. ನಮ್ಮ ರಾಜ್ಯದ ಗ್ರಂಥಾಲಯ ಇಲಾಖೆಯು ಹೊಸ ಪುಸ್ತಕಗಳನ್ನು ಆಯ್ದು ಕೊಳ್ಳುವ ಕ್ರಮವಿದೆ. ಕನ್ನಡ ಪುಸ್ತಕ ಪ್ರಾಧಿಕಾರದಿಂದ ಯುವ ಲೇಖಕರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನವುಂಟು. ಅಂಚೆಯವರು 2025ನೆಯ ಮೇ 1ರಿಂದ ಪುಸ್ತಕಗಳಿಗೆಂದು ‘ಜ್ಞಾನ ಪೋಸ್ಟ್’ ಎಂಬ ಅಗ್ಗದ ಸೇವೆಯನ್ನು ತೆರೆದರು. ನಮ್ಮ ಪುಸ್ತಕವು ಅದರ ನಿಯಮಕ್ಕೆ ಒಳಪಡುವುದೇ ಎಂದು ಸಮೀಪದ ಅಂಚೆಕಚೇರಿಯಲ್ಲಿ ಕೇಳಿಕೊಂಡರೆ ಸಾಗಣೆಯ ಖರ್ಚು ಉಳಿದೀತು.

ಪ್ರಚಾರದಲ್ಲಿ ಮೂರು ನಿಯಮಗಳನ್ನು ಪಾಲಿಸುವುದು ಕ್ಷೇಮ. ಪುಸ್ತಕದ ವಿಷಯವನ್ನು ಹೇಳಬೇಕೇ ಹೊರತು ಅದರ ಶ್ರೇಷ್ಠತೆಯನ್ನಲ್ಲ. “ಇದು ಮುಳುಗಿದ ಊರುಗಳ ಕಥೆ” ಎಂದರೆ ಬೇಕಾದವನು ನಿಲ್ಲುತ್ತಾನೆ, “ಇದು ಅಪೂರ್ವ ಕೃತಿ” ಎಂದರೆ ಎಲ್ಲರೂ ನಡೆಯುತ್ತಾರೆ. ದಾಕ್ಷಿಣ್ಯದಿಂದ ಮಾರಬಾರದು, ಹಳೆಯ ಶಿಷ್ಯನು ಅಧಿಕಾರಿಯಾಗಿರುವನೆಂದು ಅವನ ಕಚೇರಿಯಲ್ಲಿ ಕಟ್ಟನ್ನಿಳಿಸುವುದು ವ್ಯಾಪಾರವೂ ಅಲ್ಲ, ಸಾಹಿತ್ಯವೂ ಅಲ್ಲ. ಮದುವೆ ಮುಂಜಿಗಳಲ್ಲಿ ಊಟಕ್ಕೆ ಕುಳಿತವರ ಮುಂದೆ ಪುಸ್ತಕ ಹಿಡಿಯಬಾರದು; ಮೊಬೈಲ್ ಫೋನಿನಲ್ಲಿ ಪ್ರತಿ ಬೆಳಿಗ್ಗೆ ಮುಖಪುಟದ ಚಿತ್ರವನ್ನು ಕಳುಹಿಸುವುದೂ ಇದೇ ಜಾತಿಯದು. ಒಮ್ಮೆ ಹೇಳಿದರೆ ಸಮಾಚಾರ, ಹತ್ತು ಸಲ ಹೇಳಿದರೆ ಉಪದ್ರವ.

ವಿಮರ್ಶಕರ ವಿಷಯದಲ್ಲಿ ರಾಜಶೇಖರನ ಕಾವ್ಯಮೀಮಾಂಸೆಯು ದಾರಿದೀಪ. ಸಾವಿರ ವರ್ಷಗಳ ಹಿಂದೆಯೇ ಅವನು ನಾಲ್ಕು ಬಗೆಯ ಭಾವಕರನ್ನು ಗುರುತಿಸಿದನು: ಏನೂ ರುಚಿಸದವರು, ಹುಲ್ಲುಸಹಿತ ಎಲ್ಲವನ್ನೂ ನುಂಗುವವರು, ಮತ್ಸರಿಗಳು, ತತ್ತ್ವಾಭಿನಿವೇಶಿಗಳು. ನಾಲ್ಕನೆಯವರು ದುರ್ಲಭ, ಅಂತಹ ಒಬ್ಬರು ಸಿಕ್ಕರೆ ಅವರ ಮುಂದೆ ಕಿವಿಯನ್ನು ಬಿಚ್ಚಿ ಬಾಯಿಯನ್ನು ಮುಚ್ಚಿ ಕುಳಿತುಕೊಳ್ಳಬೇಕು. ಉಳಿದ ಮೂವರಿಗೆ ನಮಸ್ಕಾರವೊಂದೇ ಸಾಕು.

ಅದೇ ಗ್ರಂಥದಲ್ಲಿ ಕವಿಯ ದಿನಚರಿಯೂ ಇದೆ. ಹಗಲಿನ ಮೊದಲ ಪ್ರಹರ ವಿದ್ಯಾಭ್ಯಾಸಕ್ಕೆ, ಎರಡನೆಯದು ರಚನೆಗೆ, ಊಟದ ಮೇಲಿನದು ಕಾವ್ಯಗೋಷ್ಠಿಗೆ, ನಾಲ್ಕನೆಯದು ಬೆಳಿಗ್ಗೆ ಬರೆದುದರ ಪರೀಕ್ಷೆಗೆ. ರಸಾವೇಶದಲ್ಲಿ ಬರೆಯುವಾಗ ವಿವೇಚನೆಯ ಕಣ್ಣು ತೆರೆದಿರುವುದಿಲ್ಲವಾದ್ದರಿಂದ ಅನಂತರ ನೋಡಬೇಕೆಂದು ಅವನ ಅಭಿಪ್ರಾಯ. ಅರ್ಧಕ್ಕೆ ನಿಂತ ಕೃತಿಯನ್ನು ಓದಿ ಹೇಳಬಾರದೆಂದೂ, ಹೊಸ ರಚನೆಯನ್ನು ಒಬ್ಬನೇ ಇರುವಲ್ಲಿ ಓದಬಾರದೆಂದೂ ಎಚ್ಚರಿಸುತ್ತಾನೆ. ನಮಗೆ ನಾಲ್ಕು ಪ್ರಹರಗಳೆಲ್ಲಿ? ಪಡಿತರದ ಸಾಲು, ಮೊಮ್ಮಕ್ಕಳ ಶಾಲೆ, ಆಸ್ಪತ್ರೆ ಇವುಗಳ ನಡುವೆ ಬೆಳಗಿನ ಒಂದು ಗಂಟೆ ದೊರೆತರೆ ಅದೇ ಪುಣ್ಯ. ಆದರೆ ಆ ಒಂದು ಗಂಟೆಯು ದಿನವೂ ತಪ್ಪಬಾರದು. ದಿನಕ್ಕೊಂದು ಪುಟ ಬರೆದವನಿಗೆ ವರ್ಷಾಂತ್ಯಕ್ಕೆ ಗ್ರಂಥವೊಂದು ಕೈಯಲ್ಲಿರುವುದು. ಸ್ಫೂರ್ತಿಯನ್ನು ಕಾಯುವವನಿಗೆ ಕಾದದ್ದಷ್ಟೇ ಲಾಭ. ಮಾರಾಟಕ್ಕೆ ಹೋದ ದಿನವೂ ಈ ಗಂಟೆಯನ್ನು ಬಿಡಬಾರದು. ಹಿಂದಿನ ಪುಸ್ತಕವನ್ನು ಮಾರುವುದರಲ್ಲಿಯೇ ಮುಂದಿನ ಪುಸ್ತಕವು ಕಳೆದುಹೋದರೆ ಲೇಖಕನು ನಿಜಕ್ಕೂ ವರ್ತಕನಾದನು. ಆಗ ಆಕ್ಷೇಪಕರ ಮಾತು ನಿಜವಾಯಿತು.

ಇದುವರೆಗೆ ನನ್ನ ಐನೂರರಲ್ಲಿ 231 ಪ್ರತಿಗಳು ಹೋಗಿವೆ. ಎಲ್ಲವನ್ನೂ ನೇರವಾಗಿಯೇ ಕೊಟ್ಟಿದ್ದೇನಾದ್ದರಿಂದ ಅಸಲಿಗೆ ಇನ್ನು 47 ಪ್ರತಿಗಳು ಮಾತ್ರ ಬಾಕಿ. ಈ ಮಳೆಗಾಲವೂ ಪಾತ್ರೆಗಳು ತಮ್ಮ ಸ್ಥಾನದಲ್ಲಿವೆ. ಎರಡನೆಯ ಕಾದಂಬರಿಯು ಆರನೆಯ ಅಧ್ಯಾಯದಲ್ಲಿದೆ.

ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ನನ್ನ ವಿಜ್ಞಾಪನೆ ಇಷ್ಟೇ. ಲೇಖಕನೊಬ್ಬನು ಪುಸ್ತಕ ಹಿಡಿದು ಬಂದರೆ ಕರುಣೆಯಿಂದ ಕೊಳ್ಳಬೇಡಿರಿ. ಅವನು ಭಿಕ್ಷೆಗೆ ಬಂದಿಲ್ಲ. ಎಲ್ಲಿಯಾದರೂ ತೆರೆದು ಎರಡು ಪುಟ ಓದಿರಿ. ರುಚಿಸದಿದ್ದರೆ ಹಾಗೆಂದು ಹೇಳಿ ನೀರು ಕೊಟ್ಟು ಕಳುಹಿಸಿರಿ. ರುಚಿಸಿದರೆ ಬೆಲೆ ಕೊಟ್ಟು ಕೊಂಡು, ಓದಿದ ಮೇಲೆ ನೆರೆಯವರಿಗೆ ಎರವಲು ಕೊಡುವ ಬದಲು ಅದರ ಹೆಸರನ್ನು ಹೇಳಿರಿ. ಕಾಲಕ್ಕೆ ಕೊನೆಯಿಲ್ಲ, ಪೃಥ್ವಿಯೂ ವಿಶಾಲವಾಗಿದೆ, ತನ್ನ ಮನೋಧರ್ಮದವನೊಬ್ಬನು ಎಂದಾದರೂ ಎಲ್ಲಿಯಾದರೂ ಹುಟ್ಟುವನೆಂದು ಭವಭೂತಿಯು ಧೈರ್ಯ ತಂದುಕೊಂಡನು. ಅವನಿಗೆ ಮನೆಯ ಹೆಂಚಿನ ಚಿಂತೆಯಿತ್ತೋ ಇಲ್ಲವೋ ಅರಿಯೆ. ನಮ್ಮಂಥವರಿಗೆ ಅಷ್ಟು ಕಾಯುವ ಅವಕಾಶವಿಲ್ಲ. ಸಮಾನಧರ್ಮನು ಮುಂದಿನ ಬೀದಿಯಲ್ಲಿಯೇ ಇರಬಹುದೆಂಬ ನಂಬಿಕೆಯಿಂದ ಹೊರಡುತ್ತೇವೆ. ಇತ್ಯಲಂ.